ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿದರೆ ನಿಜಕ್ಕೂ ಬೆಳಕು ಜಾಸ್ತಿ ಸಿಗುತ್ತಾ?

ಎಡಿಸನ್_ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಸಂಜೆ ಬೆಳಕು ಸಿಗಲಿ ಅಂತ ಮಾರ್ಚಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರಿನಲ್ಲಿ ಮತ್ತೆ ಹಿಂದೆ. ನವೆಂಬರಿನಲ್ಲಿ ಗಡಿಯಾರ ಹಿಂದೆ ಹೋದಾಗ ಒಂದು ಗಂಟೆ ಪುಕ್ಕಟೆ ನಿದ್ದೆ ಸಿಕ್ಕಿತು ಅಂತ ಖುಷಿಪಟ್ಟಿದ್ದೆ. ಈ ಭಾನುವಾರ ಅದನ್ನು ವಾಪಸ್ ಕಿತ್ತುಕೊಂಡರು ನೋಡಿ, ಆಗ ಗೊತ್ತಾಯಿತು ಅದು ಸಾಲ ಅಂತ.

ಮಗಳು ಎರಡನೇ ಕ್ಲಾಸು. ಸ್ಕೂಲ್ ಬಸ್ಸು 7:40ಕ್ಕೆ ಬರುತ್ತದೆ. ಹೋದ ವಾರ ಆರೂ ಮುಕ್ಕಾಲಿಗೆ ಎಬ್ಬಿಸುವಾಗ ಕಿಟಕಿಯಲ್ಲಿ ಬಿಸಿಲು ಬಂದಿರುತ್ತಿತ್ತು. ಸೋಮವಾರ ಅದೇ ಆರೂ ಮುಕ್ಕಾಲಿಗೆ ಹೊರಗೆ ಬೀದಿ ದೀಪ ಉರಿಯುತ್ತಿತ್ತು. "ಇನ್ನೂ ರಾತ್ರಿ ಅಮ್ಮ" ಅಂತ ಹೊದಿಕೆ ಎಳೆದುಕೊಂಡಳು. ನನಗೂ ಏನು ಹೇಳಬೇಕೋ ಗೊತ್ತಾಗಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಸರಿಯಾಗೇ ಇತ್ತು. ಮಂಗಳವಾರ ಬಸ್ಸು ತಪ್ಪಿತು. ಉಪ್ಪಿಟ್ಟಿನ ತಟ್ಟೆ ಹಾಗೇ ಟೇಬಲ್ ಮೇಲೆ ಬಿಟ್ಟು ಕಾರಿನಲ್ಲಿ ಓಡಿದೆವು.

ಇದರ ಮಧ್ಯೆ ತುಮಕೂರಿನಿಂದ ನಮ್ಮ ಅತ್ತೆ ಬಂದಿದ್ದಾರೆ. "ಇಲ್ಲಿ ಸರಕಾರ ಹೇಳಿದರೆ ಸೂರ್ಯ ತಡವಾಗಿ ಹುಟ್ಟುತ್ತಾನಾ?" ಅಂತ ಕೇಳಿದರು. ಅವರ ರೂಮಿನ ಗೋಡೆ ಗಡಿಯಾರ ಮುಟ್ಟಲು ಬಿಡಲಿಲ್ಲ. ಅಡುಗೆಮನೆಯ ಓವನ್ ಗಡಿಯಾರವೂ ಹಳೇ ಟೈಮಿನಲ್ಲೇ ಇದೆ, ಅದನ್ನು ತಿರುಗಿಸುವುದು ಹೇಗೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಷ್ಟೇ. ಹಾಗಾಗಿ ಒಂದೇ ಮನೆಯಲ್ಲಿ ಎರಡು ಟೈಮು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಅಂದರೆ ಯಾವ ಏಳೂವರೆ ಅಂತ ಇವತ್ತಿನವರೆಗೂ ತೀರ್ಮಾನ ಆಗಿಲ್ಲ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಸಂಜೆ ಚೆನ್ನಾಗಿದೆ. ಮೊದಲು ಆರಕ್ಕೆಲ್ಲ ಕತ್ತಲಾಗುತ್ತಿತ್ತು, ಈಗ ಏಳರವರೆಗೂ ಮಗಳು ಸೈಕಲ್ ಹೊಡೆಯುತ್ತಾಳೆ, ಅತ್ತೆಯೂ ಪಾರ್ಕಿಗೆ ಬರುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ, ಇದರಿಂದ ನಿಜವಾಗಿ ಉಪಯೋಗ ಇದೆಯಾ ಅಥವಾ ಸುಮ್ನೆ ಒಂದು ಅಭ್ಯಾಸ ಅಂತ ನಡೆಸಿಕೊಂಡು ಬಂದಿದ್ದಾರಾ? ನಮ್ಮೆಜಮಾನರು ಇದು ರೈತರಿಗೋಸ್ಕರ ಮಾಡಿದ್ದು ಅನ್ನುತ್ತಾರೆ. ಹೌದಾ?


ಬಿಸಿಲೂರು_ಫೀನಿಕ್ಸ್:

ಅರಿಜೋನಾಗೆ ಬಂದುಬಿಡಿ. ಇಲ್ಲಿ ಯಾರೂ ಗಡಿಯಾರ ಮುಟ್ಟುವುದಿಲ್ಲ. 1967ರಲ್ಲಿ ಒಂದು ಬೇಸಿಗೆ ಮಾಡಿ ನೋಡಿದರು, ಸಾಕಪ್ಪಾ ಅಂತ 1968ರಲ್ಲಿ ಕೈಬಿಟ್ಟರು.

ಕಾರಣ ಸರಳ. ಜೂನಿನಲ್ಲಿ ಇಲ್ಲಿ 43, 44 ಡಿಗ್ರಿ ಸೆಲ್ಸಿಯಸ್ ಮಾಮೂಲಿ. ಸೂರ್ಯ ಮುಳುಗುವುದು ಸುಮಾರು 7:40ಕ್ಕೆ. ನಾವು ಯಾವಾಗ ಮುಳುಗುತ್ತಾನಪ್ಪಾ ಅಂತ ಕಾಯುತ್ತಿರುತ್ತೇವೆ. ಅದನ್ನು 8:40ಕ್ಕೆ ತಳ್ಳಿದರೆ ಮಕ್ಕಳು ಆಡುವುದು ಯಾವಾಗ, ಮಲಗುವುದು ಯಾವಾಗ? ವಾಕಿಂಗ್ ಹೋಗುವವರೆಲ್ಲ ಬೆಳಗ್ಗೆ ಐದೂವರೆಗೆ ಮುಗಿಸಿ ಮನೆ ಸೇರಿರುತ್ತಾರೆ. ನಿಮ್ಮ ಕಡೆ ಸಂಜೆ ಬೆಳಕು ಬೇಕು, ನಮಗೆ ಸಂಜೆ ನೆರಳು ಬೇಕು.

ತಮಾಷೆ ಏನು ಗೊತ್ತಾ, ನಮ್ಮ ರಾಜ್ಯದ ಈಶಾನ್ಯ ಮೂಲೆಯಲ್ಲಿ ನವಾಹೋ ಜನರ ಪ್ರದೇಶ ಇದೆ, ಅವರು ಗಡಿಯಾರ ತಿರುಗಿಸುತ್ತಾರೆ. ಅದರ ಹೊಟ್ಟೆಯೊಳಗೆ ಹೋಪಿ ಜನರ ಪ್ರದೇಶ ಇದೆ, ಅವರು ತಿರುಗಿಸುವುದಿಲ್ಲ. ಬೇಸಿಗೆಯಲ್ಲಿ ಆ ಕಡೆ ಡ್ರೈವ್ ಹೋದರೆ ಫೋನಿನ ಟೈಮು ಹಿಂದೆ ಮುಂದೆ ಕುಣಿಯುತ್ತದೆ. ಒಂದು ಸಲ ಮೋಟೆಲಿನ ತಿಂಡಿ ಮುಗಿದ ಮೇಲೆ ಹೋಗಿ ನಿಂತಿದ್ದೆವು.

ಇನ್ನೊಂದು ಲಾಭ. ಇಂಡಿಯಾಗೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನಮ್ಮಮ್ಮನಿಗೆ ಫೋನ್ ಮಾಡುವ ಮೊದಲು ಅರ್ಧ ಗಂಟೆ ಸೇರಿಸಿ ಬೆಳಗ್ಗೆಯನ್ನು ಸಂಜೆ ಮಾಡಿಕೊಂಡರೆ ಮುಗಿಯಿತು.


ಥೇಮ್ಸ್_ದಂಡೆ:

ರೈತರಿಗೋಸ್ಕರ ಅಂತ ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ಉಲ್ಟಾ. ಅಮೆರಿಕದಲ್ಲಿ ಇದನ್ನು ಜೋರಾಗಿ ವಿರೋಧಿಸಿದವರೇ ರೈತರು. ಹುಲ್ಲು ಕೊಯ್ದು ಒಣಗಿಸುವವರಿಗೆ ಬೇಕಾದ್ದು ಗಡಿಯಾರ ಅಲ್ಲ, ಇಬ್ಬನಿ ಆರಬೇಕು. ಇಬ್ಬನಿ ಆರಿಸುವವನು ಸೂರ್ಯ. ಗಡಿಯಾರ ಮುಂದೆ ಹೋದ ಮೇಲೆ ಕೂಲಿಯವರು ಬೆಳಗ್ಗೆ ಸರಿಯಾದ ಟೈಮಿಗೆ ಬಂದು ಹುಲ್ಲು ಒಣಗುವವರೆಗೆ ಬದುವಿನ ಮೇಲೆ ಕೂತಿರುತ್ತಿದ್ದರು, ಸಂಜೆ ಕೆಲಸ ಆಗುವ ಹೊತ್ತಿಗೆ ಗಡಿಯಾರ ನೋಡಿ ಹೊರಟುಬಿಡುತ್ತಿದ್ದರು. ಎರಡೂ ಕಡೆ ನಷ್ಟ. ಹಸುಗಳ ಕತೆಯೂ ಅದೇ, ಹಾಲಿನ ರೈಲು ಒಂದು ಗಂಟೆ ಮುಂಚೆ ಹೊರಡುತ್ತದೆ ಅಂತ ಕೆಚ್ಚಲಿಗೆ ಗೊತ್ತಾಗುತ್ತದೆಯೇ? 1918ರಲ್ಲಿ ಬಂದ ಕಾನೂನನ್ನು 1919ರಲ್ಲೇ ತೆಗೆಸಿದರು. ಅಧ್ಯಕ್ಷ ವಿಲ್ಸನ್ ವೀಟೊ ಮಾಡಿದರೂ ಸಂಸತ್ತು ಕೇಳಲಿಲ್ಲ.

ಹಾಗಾದರೆ ಯಾರ ತಲೆಗೆ ಬಂತು ಅಂದರೆ, ಇಬ್ಬರ ಹೆಸರು ಹೇಳಬಹುದು. ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ 1895ರಲ್ಲೇ ಬೇಸಿಗೆಯಲ್ಲಿ ಗಡಿಯಾರ ಎರಡು ಗಂಟೆ ಮುಂದೆ ಇಡೋಣ ಅಂದಿದ್ದರು. ಕೀಟ ಹಿಡಿಯುವುದು ಅವರ ಹವ್ಯಾಸ, ಕೆಲಸ ಬಿಟ್ಟ ಮೇಲೆ ಬೆಳಕು ಸಾಲುತ್ತಿರಲಿಲ್ಲ. ಇನ್ನೊಬ್ಬರು ಇಲ್ಲೇ ಲಂಡನ್ನಿನ ಮನೆ ಕಟ್ಟುವ ಕಂಟ್ರಾಕ್ಟರು ವಿಲಿಯಂ ವಿಲೆಟ್. ಬೇಸಿಗೆಯ ಬೆಳಗ್ಗೆ ಕುದುರೆ ಸವಾರಿ ಹೋದಾಗ ಅಷ್ಟು ಬಿಸಿಲು ಬಂದಿದ್ದರೂ ಊರೆಲ್ಲ ಪರದೆ ಎಳೆದುಕೊಂಡು ಮಲಗಿರುವುದು ನೋಡಿ ಹೊಟ್ಟೆ ಉರಿದುಕೊಂಡರು. 1907ರಲ್ಲಿ ಒಂದು ಪುಸ್ತಿಕೆ ಬರೆದರು. ಅವರ ಲೆಕ್ಕ ಇನ್ನೂ ವಿಚಿತ್ರ, ಏಪ್ರಿಲಿನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಮುಂದೆ, ಒಟ್ಟು 80 ನಿಮಿಷ, ಮತ್ತೆ ಸೆಪ್ಟೆಂಬರಿನಲ್ಲಿ ಹಾಗೇ ಹಿಂದೆ. ಎಂಟು ಸಲ ಓವನ್ ಗಡಿಯಾರ ತಿರುಗಿಸುವುದನ್ನು ಊಹಿಸಿಕೊಳ್ಳಿ ಮೇಡಂ. ಪಾಪ, 1915ರಲ್ಲಿ ತೀರಿಕೊಂಡರು. ಮರುವರ್ಷವೇ ಯುದ್ಧದಲ್ಲಿ ಕಲ್ಲಿದ್ದಲು ಉಳಿಸಲು ಜರ್ಮನಿ ಏಪ್ರಿಲ್ 30ಕ್ಕೆ ಶುರು ಮಾಡಿತು, ಮೂರು ವಾರದಲ್ಲಿ ಬ್ರಿಟನ್ನೂ ಹಿಂದೆ ಬಂತು.

ಈಗ ನಿಮ್ಮ ಪ್ರಶ್ನೆ. ಬೆಳಕು ಜಾಸ್ತಿ ಆಗುವುದಿಲ್ಲ. ಇದು ಬದು ಒತ್ತಿದ ಹಾಗೆ. ಒಟ್ಟು ಜಮೀನು ಅಷ್ಟೇ, ಬೆಳಗಿನ ಪಾಲಿನಿಂದ ಸಂಜೆಯ ಪಾಲಿಗೆ ಒಂದು ಪಟ್ಟಿ ಬರುತ್ತದೆ. ಬೆಳಗಿನ ಕಡೆ ಜಮೀನು ಬೀಳು ಬಿದ್ದಿದ್ದರೆ ಮಾತ್ರ ಅದರಿಂದ ಲಾಭ. ಲಂಡನ್ನಿನಲ್ಲಿ ಜೂನಿನಲ್ಲಿ ಸೂರ್ಯ ಹುಟ್ಟುವುದು 4:43ಕ್ಕೆ, ಮುಳುಗುವುದು 9:21ಕ್ಕೆ. ಗಡಿಯಾರ ತಿರುಗಿಸದೇ ಇದ್ದಿದ್ದರೆ 3:43ಕ್ಕೇ ಹುಟ್ಟುತ್ತಿದ್ದ. ಆ ಹೊತ್ತಿನ ಬಿಸಿಲು ಯಾರಿಗೆ ಬೇಕು ಹೇಳಿ, ಹಾಲು ಹಾಕುವವನಿಗೂ ಬೇಡ. ಸಂಜೆಗೆ ಬಂದರೆ ಮಕ್ಕಳು ಆಡುತ್ತವೆ, ನಾವು ಹಿತ್ತಲಿನಲ್ಲಿ ಮೆಂತ್ಯದ ಮಡಿಗೆ ನೀರು ಹಾಕುತ್ತೇವೆ. ನನ್ನ ಲೆಕ್ಕದಲ್ಲಿ ಬೇಸಿಗೆಗೆ ಇದು ನಿಜವಾದ ಉಪಯೋಗ, ಬೈಯುವವರು ಬೈದುಕೊಳ್ಳಲಿ.

ಬೆಂಗಳೂರಿನಲ್ಲಿ ಇದಕ್ಕೆ ಅರ್ಥವೇ ಇಲ್ಲ. ಅಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಇಲ್ಲಿ ಹತ್ತಿರ ಹತ್ತಿರ ಒಂಬತ್ತು ಗಂಟೆ. ನಮ್ಮೂರಿನಲ್ಲಿ ಬೀಳು ಬಿದ್ದ ಬೆಳಗು ಅಂತಲೇ ಇಲ್ಲ.

ಕರೆಂಟು ಉಳಿಯುತ್ತದೆ ಅನ್ನುವ ಮಾತು ಮಾತ್ರ ನಂಬಬೇಡಿ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 2006ರವರೆಗೆ ಕೆಲವು ಜಿಲ್ಲೆ ತಿರುಗಿಸುತ್ತಿದ್ದವು, ಹೆಚ್ಚಿನವು ಇಲ್ಲ. ಆಮೇಲೆ ಎಲ್ಲರೂ ತಿರುಗಿಸಬೇಕಾಯಿತು. ಅರ್ಥಶಾಸ್ತ್ರಜ್ಞರು ಮನೆಗಳ ಬಿಲ್ಲು ಹೋಲಿಸಿ ನೋಡಿದರೆ ಕರೆಂಟು ಸುಮಾರು ಶೇಕಡ 1 ಜಾಸ್ತಿಯೇ ಆಗಿತ್ತು. ದೀಪದ ಖರ್ಚು ಇಳಿದಿತ್ತು, ಏಸಿ ಮತ್ತು ಹೀಟರಿನ ಖರ್ಚು ಅದನ್ನು ನುಂಗಿಹಾಕಿತ್ತು. 2007ರಲ್ಲಿ ಅಮೆರಿಕ ಬೇಸಿಗೆ ಟೈಮಿಗೆ ಇನ್ನೂ ಕೆಲವು ವಾರ ಸೇರಿಸಿತು, ಆ ವಾರಗಳನ್ನು ಮಾತ್ರ ತೆಗೆದುಕೊಂಡು ಅಲ್ಲಿನ ಇಂಧನ ಇಲಾಖೆ ದಿನಕ್ಕೆ ಬರೀ ಶೇಕಡ ಅರ್ಧದಷ್ಟು ಉಳಿತಾಯ ಅಂದಿತು. ಕಲ್ಲಿದ್ದಲು, ಗ್ಯಾಸ್ ದೀಪದ ಕಾಲದ ಲೆಕ್ಕವನ್ನು ಎಲ್‌ಇಡಿ ಬಲ್ಬಿನ ಕಾಲಕ್ಕೆ ಎಳೆದು ತಂದರೆ ಹೀಗೇ ಆಗುವುದು.


ಕಲಬುರಗಿ_ಮೇಷ್ಟ್ರು:

ಎಲ್ಲ ಓದಿದೆ. ನನಗೆ ಒಂದೇ ಅರ್ಥ ಆಗದ್ದು, ಬೇಗ ಏಳಬೇಕು ಅಂದರೆ ಬೇಗ ಏಳಿ, ಅದಕ್ಕೆ ಗಡಿಯಾರಕ್ಕೆ ಯಾಕೆ ಸುಳ್ಳು ಹೇಳಿಸಬೇಕು?

ನಮ್ಮಲ್ಲಿ ಏಪ್ರಿಲ್ ಬಂತು ಅಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ಟೈಮು ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಒಂದು ಆದೇಶ ಬರುತ್ತದೆ, ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತಾರೆ, ಮುಗಿಯಿತು. ಜೂನಿಗೆ ಮತ್ತೆ ಹಳೇ ಟೈಮು. ಯಾರ ಮನೆಯ ಗೋಡೆ ಗಡಿಯಾರವನ್ನೂ ಯಾರೂ ಮುಟ್ಟುವುದಿಲ್ಲ. ಶನಿವಾರ ಬೆಳಗಿನ ಶಾಲೆ ಅಂದರೆ ನಮ್ಮ ಮಕ್ಕಳಿಗೆ ಗೊತ್ತು, ಬೇಗ ಬರಬೇಕು ಅಂತ. ಶನಿವಾರ ಒಂದು ದಿನ ರಾಜ್ಯದ ಗಡಿಯಾರವನ್ನೆಲ್ಲ ಮುಂದೆ ಇಡಿ ಅಂತ ಯಾರೂ ಕೇಳಿಲ್ಲ.

ನಿಜ ಹೇಳಬೇಕಂದರೆ ಆ ಫೀನಿಕ್ಸಿನವರು ಹೇಳಿದ ಮಾತು ನನಗೆ ಹಿಡಿಸಿತು. ಮೇ ತಿಂಗಳಲ್ಲಿ ಇಲ್ಲಿ ಹನ್ನೊಂದಕ್ಕೆ ರಸ್ತೆ ಖಾಲಿ. ಬಸ್ ಸ್ಟ್ಯಾಂಡಿನಲ್ಲಿ ಜನ ಕಂಬದ ನೆರಳಿಗೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿರುತ್ತಾರೆ, ನೆರಳು ಸರಿದ ಹಾಗೆ ಸಾಲೂ ಸರಿಯುತ್ತದೆ. ನಮಗೆ ಬೆಳಕಿನ ಉಪಯೋಗ ಅಂದರೆ ಬಿಸಿಲು ಏರುವುದರೊಳಗೆ ಕೆಲಸ ಮುಗಿಸಿ ಒಳಗೆ ಸೇರುವುದು.


ಥೇಮ್ಸ್_ದಂಡೆ:

@ಕಲಬುರಗಿ_ಮೇಷ್ಟ್ರು ಸರ್, ನಿಮ್ಮ ಮಾತು ಸರಿ. ಆದರೆ ನಿಮ್ಮಲ್ಲಿ ಕಚೇರಿ ಎಂಟಕ್ಕೆ ತೆರೆದಾಗ ಬ್ಯಾಂಕು ಎಷ್ಟಕ್ಕೆ ತೆರೆಯುತ್ತದೆ? ಬಸ್ಸಿನ ಟೈಮು ಬದಲಾಗುತ್ತದೆಯೇ? ಖಾಸಗಿ ಕಂಪನಿಯವರು ಬದಲಾಯಿಸುತ್ತಾರೆಯೇ? ಇಲ್ಲ ತಾನೇ. ಗಂಡ ಎಂಟಕ್ಕೆ ಹೋಗಬೇಕು, ಹೆಂಡತಿ ಹತ್ತಕ್ಕೆ, ಮಗುವನ್ನು ಬಿಡುವವರು ಯಾರು. ಶಾಲೆ, ರೈಲು, ಅಂಗಡಿ, ಕಾರ್ಖಾನೆ ಎಲ್ಲರನ್ನೂ ಒಪ್ಪಿಸಿ ಒಂದೇ ದಿನ ಒಂದು ಗಂಟೆ ಮುಂಚೆ ಶುರು ಮಾಡಿಸುವುದು ಆಗದ ಮಾತು, ಅದಕ್ಕೇ ಗಡಿಯಾರಕ್ಕೆ ಸುಳ್ಳು ಹೇಳಿಸುತ್ತಾರೆ. ಸುಳ್ಳು ಅಂತ ಎಲ್ಲರಿಗೂ ಗೊತ್ತು, ಆದರೆ ಎಲ್ಲರೂ ಒಟ್ಟಿಗೆ ಹೇಳುವುದರಿಂದ ನಡೆಯುತ್ತದೆ.

ಹಾಗಾದರೆ ಬೇಸಿಗೆ ಟೈಮನ್ನೇ ವರ್ಷವಿಡೀ ಇಟ್ಟುಕೊಳ್ಳಬಾರದೇ ಅಂತ ಮುಂದಿನ ಪ್ರಶ್ನೆ ಬರುತ್ತದೆ, ನಾನೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 1968ರಿಂದ 1971ರವರೆಗೆ ಇಟ್ಟು ನೋಡಿದರು. ಸ್ಕಾಟ್ಲೆಂಡಿನ ಉತ್ತರದವರಿಗೆ ಚಳಿಗಾಲದಲ್ಲಿ ಹತ್ತು ಗಂಟೆ ಹತ್ತಿರ ಸೂರ್ಯ ಹುಟ್ಟುತ್ತಿದ್ದ, ಬಿಟ್ಟುಬಿಟ್ಟರು. ಅಮೆರಿಕದಲ್ಲಿ ಪೆಟ್ರೋಲ್ ಬಿಕ್ಕಟ್ಟಿನ ವೇಳೆ 1974ರ ಜನವರಿಯಲ್ಲಿ ಶುರು ಮಾಡಿದರು. ಮೊದಲು ಜನ ಖುಷಿಯಾಗೇ ಇದ್ದರು. ಆಮೇಲೆ ಮಕ್ಕಳು ಕತ್ತಲಲ್ಲಿ ಬಸ್ಸಿಗೆ ಕಾಯುವುದು ನೋಡಿ ತಂದೆ ತಾಯಿ ರೇಗಿದರು, ಅದೇ ವರ್ಷ ಅಕ್ಟೋಬರಿನಲ್ಲಿ ವಾಪಸ್ ತೆಗೆದರು. ರಷ್ಯಾ 2011ರಲ್ಲಿ ಬೇಸಿಗೆ ಟೈಮಿಗೆ ಅಂಟಿಕೊಂಡಿತು, 2014ರಲ್ಲಿ ಚಳಿಗಾಲದ ಟೈಮಿಗೆ ಬಂತು. ಅಂದರೆ ಬೇಸಿಗೆಯಲ್ಲಿ ಯಾರಿಗೂ ಜಗಳ ಇಲ್ಲ. ಜಗಳ ಇರುವುದೆಲ್ಲ ಡಿಸೆಂಬರಿನ ಬೆಳಗಿನದು.

2022ರ ಮಾರ್ಚಿನಲ್ಲಿ ಅಮೆರಿಕದ ಸೆನೆಟ್ಟು ಬೇಸಿಗೆ ಟೈಮನ್ನೇ ವರ್ಷವಿಡೀ ಇಡೋಣ ಅಂತ ಮತ್ತೆ ಪಾಸು ಮಾಡಿತು, ಕೆಳಮನೆ ಎತ್ತಿಕೊಳ್ಳಲೇ ಇಲ್ಲ. ಒಳ್ಳೆಯದೇ ಆಯಿತು. ಎಡಿಸನ್ ಮೇಡಂ, ನಿಮ್ಮ ಕಡೆ ಆಗ ಜನವರಿಯಲ್ಲಿ 8:20ಕ್ಕೆ ಸೂರ್ಯ ಹುಟ್ಟುತ್ತಿದ್ದ. ನಿಮ್ಮ ಮಗಳ ಬಸ್ಸು 7:40ಕ್ಕೆ, ಲೆಕ್ಕ ಹಾಕಿ.


ರಾತ್ರಿ_ಪಾಳಿ:

ನಾನು ಉಡುಪಿ ಕಡೆಯವಳು, ಐರ್ಲೆಂಡಿನಲ್ಲಿ ನರ್ಸು. ಬೆಳಕಿನ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ, ನಾನು ನೋಡುವುದೇ ಕತ್ತಲೆ. ಆದರೆ ಅಕ್ಟೋಬರಿನ ಕೊನೆಯ ಭಾನುವಾರದ ಹಿಂದಿನ ರಾತ್ರಿ ನಿಮಗ್ಯಾರಿಗೂ ಗೊತ್ತಿಲ್ಲದ ಒಂದು ಗಂಟೆ ಇರುತ್ತದೆ. ಎರಡು ಆಗಬೇಕಾದಾಗ ಮತ್ತೆ ಒಂದು ಆಗುತ್ತದೆ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರ ಪಾಳಿ ಅವತ್ತು ಹದಿಮೂರು ಗಂಟೆ.

ಒಬ್ಬ ಅಜ್ಜನಿಗೆ ನೋವಿನ ಮಾತ್ರೆ 10:30ಕ್ಕೆ ಕೊಟ್ಟಿದ್ದೆ. ಪ್ಯಾರಾಸಿಟಮಾಲು, ನಾಲ್ಕು ಗಂಟೆ ಬಿಟ್ಟು ಕೊಡಬೇಕು. ನಾಲ್ಕು ಗಂಟೆ ಆದಾಗ ಗೋಡೆ ಗಡಿಯಾರದಲ್ಲಿ 1:30, ಅದು ಆ ರಾತ್ರಿಯ ಎರಡನೇ 1:30. ಕೊಟ್ಟೆ, ಚಾರ್ಟಿನಲ್ಲಿ 1:30 ಅಂತಲೇ ಬರೆದೆ. ಮರುವಾರ ಕರೆಸಿ ಕೇಳಿದರು, ಮೂರು ಗಂಟೆಗೇ ಯಾಕೆ ಕೊಟ್ಟೆ ಅಂತ. ಸರಿಯಾಗಿ ಮಾಡಿದವಳಿಗೆ ಕಾರಣ ಬರೆದುಕೊಡಿ ಅಂದರು. ಆವತ್ತಿನಿಂದ ಆ ಒಂದು ರಾತ್ರಿ ನಾನು ಪಕ್ಕದಲ್ಲಿ "ಹಳೇ", "ಹೊಸ" ಅಂತ ಸೇರಿಸುತ್ತೇನೆ. ಇಂಗ್ಲಿಷಿನಲ್ಲೇ ಬರೆಯುತ್ತೇನೆ ಮಾರಾಯ್ರೆ, ನಗಬೇಡಿ.

ಮಾರ್ಚಿನಲ್ಲಿ ಹನ್ನೊಂದೇ ಗಂಟೆ ಪಾಳಿ ಬರುತ್ತದಲ್ಲ ಅಂತ ಸಮಾಧಾನ ಹೇಳುವವರಿದ್ದಾರೆ. ಅಕ್ಟೋಬರ್ ಪಾಳಿ ಬೀಳುವುದು ನನಗೆ, ಮಾರ್ಚಿನದು ಬೇರೆಯವರಿಗೆ. ನಾಲ್ಕು ವರ್ಷದಿಂದ ಹೀಗೇ.

ಇನ್ನೊಂದು ಕುತೂಹಲದ ವಿಷಯ. ಕಾನೂನಿನ ಪ್ರಕಾರ ಐರ್ಲೆಂಡಿನ ಅಸಲಿ ಟೈಮು ಬೇಸಿಗೆಯದು, ಚಳಿಗಾಲದಲ್ಲಿ ಒಂದು ಗಂಟೆ ಹಿಂದೆ ಹೋಗುವುದು ಇಲ್ಲಿ ವಿನಾಯಿತಿ. ಬೇರೆ ಹೆಚ್ಚಿನವರದ್ದು ಉಲ್ಟಾ. ಅದಕ್ಕೆ ಐರಿಷ್ ಸ್ಟ್ಯಾಂಡರ್ಡ್ ಟೈಮ್ ಅಂತ ಹೆಸರು, ಚಿಕ್ಕದಾಗಿ ಐಎಸ್‌ಟಿ. ನಮ್ಮ ಐಎಸ್‌ಟಿಯೇ! ಊರಿನವರಿಗೆ ಐಎಸ್‌ಟಿ ಎಂಟಕ್ಕೆ ಕಾಲ್ ಮಾಡುತ್ತೇನೆ ಅಂದರೆ ಎರಡೂ ಸರಿ.

ಯುರೋಪಿನಲ್ಲಿ 2018ರಲ್ಲಿ ಜನರನ್ನೇ ಕೇಳಿದರು. 46 ಲಕ್ಷ ಜನ ಉತ್ತರ ಕೊಟ್ಟರು, ಶೇಕಡ 84 ಮಂದಿ ಈ ಪದ್ಧತಿ ಬೇಡ ಅಂದರು. ಹೆಚ್ಚಿನವರು ಜರ್ಮನಿಯವರು ಅನ್ನುವುದು ಬೇರೆ ಮಾತು. 2019ರಲ್ಲಿ ಯುರೋಪ್ ಸಂಸತ್ತು 2021ಕ್ಕೆ ನಿಲ್ಲಿಸೋಣ ಅಂತ ಮತ ಹಾಕಿತು. ಇನ್ನೂ ತಿರುಗಿಸುತ್ತಲೇ ಇದ್ದೇವೆ. ನಿಲ್ಲಿಸುವುದು ಸರಿ, ಯಾವ ಟೈಮಿನಲ್ಲಿ ನಿಲ್ಲಿಸುವುದು ಅನ್ನುವುದಕ್ಕೆ ಒಪ್ಪಿಗೆ ಇಲ್ಲ. ನಮಗಂತೂ ಪಕ್ಕದ ಉತ್ತರ ಐರ್ಲೆಂಡಿನವರು ಬ್ರಿಟನ್ನಿನ ಜೊತೆ ತಿರುಗಿಸಿ ನಾವು ಬಿಟ್ಟರೆ ಒಂದೇ ದ್ವೀಪದಲ್ಲಿ ಎರಡು ಟೈಮು, ಗಡಿಯ ಆಚೆ ಮನೆ ಈಚೆ ಕೆಲಸ ಇರುವವರ ಗತಿ ಏನು.


ಸಪೋರ್ಟ್_ಸೀನ:

ನೀವೆಲ್ಲ ಗಡಿಯಾರ ತಿರುಗಿಸುತ್ತೀರಿ, ಕ್ಯಾಬು ತಪ್ಪುವುದು ಬೆಂಗಳೂರಿನಲ್ಲಿರುವ ನಮಗೆ.

ನ್ಯೂಜೆರ್ಸಿ ತಂಡದ ಜೊತೆ ಅವರ ಬೆಳಗ್ಗೆ ಹತ್ತಕ್ಕೆ ಮೀಟಿಂಗು. ಚಳಿಗಾಲದಲ್ಲಿ ನಮಗೆ ರಾತ್ರಿ 8:30, ಬೇಸಿಗೆಯಲ್ಲಿ 7:30. ಮಾರ್ಚಿನ ಎರಡನೇ ಭಾನುವಾರ ನಮ್ಮ ಮನೆಯಲ್ಲಿ ಹಬ್ಬ ಇದ್ದ ಹಾಗೆ, ಸೋಮವಾರದಿಂದ ಊಟ ಬಿಸಿಬಿಸಿ ಸಿಗುತ್ತದೆ. ನವೆಂಬರಿನ ಮೊದಲ ಭಾನುವಾರ ಬಂದರೆ ಹೆಂಡತಿ ಮುಖ ಊದಿಸಿಕೊಳ್ಳುತ್ತಾಳೆ. ನಮ್ಮ ಬೆಳಕಿನಲ್ಲಿ ಒಂದು ನಿಮಿಷ ಹೆಚ್ಚು ಕಮ್ಮಿ ಆಗುವುದಿಲ್ಲ, ಆದರೂ ವರ್ಷಕ್ಕೆ ಎರಡು ಸಲ ನಮ್ಮ ಅಡುಗೆಮನೆಯ ಟೈಮು ವಾಷಿಂಗ್ಟನ್ನಿನವರು ಹಾಕಿಕೊಡುತ್ತಾರೆ.

ಅದಕ್ಕಿಂತ ದೊಡ್ಡ ಗೋಳು ಮಾರ್ಚಿನ ಆ ಎರಡು ಮೂರು ವಾರ. ಅಮೆರಿಕ ತಿರುಗಿಸಿರುತ್ತದೆ, ಲಂಡನ್ನು ಮಾರ್ಚಿನ ಕೊನೆಯ ಭಾನುವಾರದವರೆಗೆ ತಿರುಗಿಸಿರುವುದಿಲ್ಲ. ಮೂರೂ ಕಡೆಯವರು ಸೇರುವ ಕಾಲ್ ಇದ್ದರೆ ಯಾರೋ ಒಬ್ಬರು ಒಂದು ಗಂಟೆ ಮುಂಚೆ ಬಂದು ಖಾಲಿ ಪರದೆ ನೋಡುತ್ತಾ ಕೂತಿರುತ್ತಾರೆ. ಹೋದ ವರ್ಷ ಅದು ನಾನು.

ಮತ್ತೆ ಸರ್ವರಿನ ಕತೆ. ರಾತ್ರಿ 2:30ಕ್ಕೆ ಓಡಬೇಕಾದ ಬ್ಯಾಕಪ್ಪು ಒಂದು ಸಲ ಓಡಲೇ ಇಲ್ಲ. ಬೈಗುಳ ತಿಂದು ಹುಡುಕಿದರೆ ಅವತ್ತು ಅಮೆರಿಕದಲ್ಲಿ 2:30 ಅನ್ನುವುದೇ ಇರಲಿಲ್ಲ, ಎರಡು ಹೊಡೆಯುವ ಜಾಗದಲ್ಲಿ ನೇರ ಮೂರು. ನವೆಂಬರಿನಲ್ಲಿ 1:30ರ ಕೆಲಸ ಎರಡು ಸಲ ಓಡುತ್ತದೆ, ನರ್ಸಕ್ಕ ಹೇಳಿದ ಮಾತ್ರೆಯ ಹಾಗೆ. ಈಗ ಎಲ್ಲ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ, ಯಾವತ್ತೂ ತಿರುಗಿಸದ ಟೈಮಿಗೆ ಹಾಕಿದ್ದೇವೆ, ಅದು ಯಾರ ಮಾತೂ ಕೇಳುವುದಿಲ್ಲ.


ಹಳೇ_ಗಡಿಯಾರ:

ಮೈಸೂರಿನಿಂದ ಬರೆಯುತ್ತಿದ್ದೇನೆ, ನಿವೃತ್ತ. ನಮ್ಮ ದೇಶದಲ್ಲಿ ಇದು ಯಾವತ್ತೂ ಆಗಿಲ್ಲ ಅಂದುಕೊಂಡಿರುವವರಿಗೆ ಒಂದು ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಇಂಡಿಯಾದ ಗಡಿಯಾರ ಒಂದು ಗಂಟೆ ಮುಂದೆ ಇತ್ತು, ಬೇಸಿಗೆ ಚಳಿಗಾಲ ಅನ್ನದೆ ಮೂರು ವರ್ಷ. ನಮ್ಮಜ್ಜ ಹೇಳುತ್ತಿದ್ದರು, ಮದುವೆ ಕಾಗದದಲ್ಲಿ ಮುಹೂರ್ತ ಬರೆಯುವಾಗ ಹೊಸ ಟೈಮೋ ಹಳೇ ಟೈಮೋ ಅಂತ ಪುರೋಹಿತರನ್ನು ಎರಡು ಸಲ ಕೇಳಬೇಕಿತ್ತಂತೆ. ರೈಲು ಹೊಸ ಟೈಮಿಗೆ, ಊಟ ಹಳೇ ಟೈಮಿಗೆ.

ಅಸ್ಸಾಮಿನ ಟೀ ತೋಟಗಳಲ್ಲಿ ಇವತ್ತಿಗೂ ಬಾಗಾನ್ ಟೈಮ್ ಅಂತ ಇದೆ, ನಮ್ಮ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಎಲೆ ಕೀಳುವುದಕ್ಕೆ ಬೆಳಕು ಬೇಕು, ಹಾಗಾಗಿ ತೋಟದ ಒಳಗೆ ತಮ್ಮದೇ ಟೈಮು. ದ್ವಾರಕೆಯವನಿಗೂ ಅರುಣಾಚಲದವನಿಗೂ ಸೂರ್ಯ ಹುಟ್ಟುವುದರಲ್ಲಿ ಸುಮಾರು ಎರಡು ಗಂಟೆ ಅಂತರ, ಗಡಿಯಾರ ಮಾತ್ರ ಇಬ್ಬರಿಗೂ ಒಂದೇ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ.ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜಾ ಅವರು ಒಂದು ಲೆಕ್ಕ ಮಾಡಿದ್ದರು. ವರ್ಷಕ್ಕೆ ಎರಡು ಸಲ ತಿರುಗಿಸುವುದೂ ಬೇಡ, ದೇಶ ಸೀಳಿ ಎರಡು ಟೈಮು ಮಾಡುವುದೂ ಬೇಡ, ಇಡೀ ದೇಶದ ಗಡಿಯಾರ ಒಂದೇ ಸಲ ಅರ್ಧ ಗಂಟೆ ಮುಂದಿಟ್ಟು ಹಾಗೇ ಬಿಡಿ ಅಂತ. ಸಂಜೆ ಎಲ್ಲರ ಮನೆಯಲ್ಲೂ ಒಟ್ಟಿಗೆ ದೀಪ ಹತ್ತುವಾಗ ಕರೆಂಟಿಗೆ ಏಳುವ ಬೇಡಿಕೆ ಇಳಿಯುತ್ತದೆ ಅನ್ನುವುದು ಅವರ ವಾದ. ಥೇಮ್ಸಿನವರು ಕರೆಂಟಿನ ಮಾತು ಪೂರ್ತಿ ತಳ್ಳಿಹಾಕಿದ್ದಾರೆ, ನಾನು ಅಷ್ಟು ಖಂಡಿತವಾಗಿ ಹೇಳುವುದಿಲ್ಲ. ಹೀಟರ್ ಹಾಕುವ ದೇಶದ ಬಿಲ್ಲು ಬೇರೆ, ಫ್ಯಾನು ದೀಪದ ದೇಶದ ಬಿಲ್ಲು ಬೇರೆ.

ಇನ್ನು ನಿಮ್ಮ ಅತ್ತೆಯವರ ರಾಹುಕಾಲ. ತಾಯಿ, ಎರಡು ಏಳೂವರೆಯೂ ತಪ್ಪು. ಕ್ಯಾಲೆಂಡರಿನಲ್ಲಿ ಇರುವುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಹಗಲನ್ನು ಎಂಟು ಭಾಗ ಮಾಡಿ ಸೋಮವಾರಕ್ಕೆ ಎರಡನೇ ಭಾಗ ತೆಗೆದುಕೊಳ್ಳಬೇಕು. ನಿಮ್ಮಲ್ಲಿ ಈಗ ಹೊಸ ಟೈಮಿನಂತೆ ಸುಮಾರು 7:10ಕ್ಕೆ ಹುಟ್ಟಿ 7 ಗಂಟೆಗೆ ಮುಳುಗುತ್ತಾನೆ, ಹಾಗಾಗಿ ಹೆಚ್ಚು ಕಡಿಮೆ 8:40ರಿಂದ 10:10. ಹಗಲು ಬೆಳೆದ ಹಾಗೆ ಇದೂ ಬದಲಾಗುತ್ತದೆ. ನಿಮ್ಮ ಊರಿನ ಪಂಚಾಂಗ ಫೋನಿನಲ್ಲೇ ಸಿಗುತ್ತದೆ, ಅದು ಸರಕಾರದ ಗಂಟೆಯನ್ನೂ ಸೇರಿಸಿಯೇ ತೋರಿಸುತ್ತದೆ.


ಎಡಿಸನ್_ಅಮ್ಮ:

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಮ್ಮೆಜಮಾನರಿಗೆ ಇಬ್ಬನಿಯ ಕತೆ ಓದಿ ಹೇಳಿದೆ, "ನಾನು ಹಾಗೆ ಹೇಳಿಲ್ಲ" ಅಂದರು.

ರಾಹುಕಾಲದ ಲೆಕ್ಕ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನೋಡಿದೆಯಾ, ಸೂರ್ಯನ ಲೆಕ್ಕವೇ ಲೆಕ್ಕ" ಅಂದರು. ಗೋಡೆ ಗಡಿಯಾರ ಮಾತ್ರ ಈಗಲೂ ಮುಟ್ಟಿಸುತ್ತಿಲ್ಲ.

ಮಗಳ ವಿಷಯ ಸ್ವಲ್ಪ ಸುಧಾರಿಸಿತು. ರಾತ್ರಿ ದಿನಕ್ಕೆ ಹದಿನೈದು ನಿಮಿಷದಂತೆ ಮುಂಚೆ ಮಲಗಿಸುತ್ತಿದ್ದೇನೆ, ಬೆಳಗ್ಗೆ ಎದ್ದ ಕೂಡಲೇ ರೂಮಿನ ಎಲ್ಲ ದೀಪ ಹಾಕುತ್ತೇನೆ. ಮುಂದಿನ ಮಾರ್ಚಿಗೆ ಆ ಭಾನುವಾರಕ್ಕಿಂತ ನಾಲ್ಕು ದಿನ ಮೊದಲೇ ಶುರು ಮಾಡಬೇಕು ಅಂತ ಬರೆದಿಟ್ಟುಕೊಂಡಿದ್ದೇನೆ. ವಿಲೆಟ್ ಸಾಹೇಬರ ಇಪ್ಪತ್ತಿಪ್ಪತ್ತು ನಿಮಿಷದ ಐಡಿಯಾ ಅಷ್ಟೇನೂ ಹುಚ್ಚಲ್ಲ ಅನಿಸುತ್ತಿದೆ ನನಗೆ.

ನಿನ್ನೆ ಸಂಜೆ ಏಳಾದರೂ ಪಾರ್ಕಿನಿಂದ ಯಾರೂ ಏಳಲಿಲ್ಲ. ಅತ್ತೆಗೆ ಬೆಂಚಿನಲ್ಲಿ ಆಂಧ್ರದ ಒಬ್ಬ ಅಜ್ಜಿ ಸಿಕ್ಕಿದ್ದಾರೆ. ಭಾಷೆ ಅರ್ಧಂಬರ್ಧ, ಮಾತು ಮಾತ್ರ ನಿಲ್ಲುವುದಿಲ್ಲ. ಟೈಮಾಯಿತು ಹೋಗೋಣ ಅಂದರೆ, "ಇರು, ನನ್ನ ಗಡಿಯಾರದಲ್ಲಿ ಇನ್ನೂ ಆರು" ಅಂದರು.

ಓವನ್ ಗಡಿಯಾರ ತಿರುಗಿಸುವುದು ಹೇಗೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಒಂದು ಬಟನ್ ಒತ್ತಿ ಹಿಡಿದರೆ ಬೀಪ್ ಅನ್ನುತ್ತದೆ, ಆಮೇಲೆ ಏನೂ ಆಗುವುದಿಲ್ಲ.


ಸಪೋರ್ಟ್_ಸೀನ:

ಆಫ್ ಮಾಡಿ ಆನ್ ಮಾಡಿ ನೋಡಿ ಮೇಡಂ. ಆಗದಿದ್ದರೆ ನವೆಂಬರಿನವರೆಗೆ ಬಿಡಿ, ತಾನಾಗೇ ಸರಿಹೋಗುತ್ತದೆ.